ಡಬ್ಬಗಳು ಸೇರಿದ ಸಭೆ

ಆರ್ಯಾ, ನಿಶಾಂತ್, ಎದುರಿಗೆ ಕೂತು ಹೇಳಲು ನಿಮ್ಮ ಅಜ್ಜಿಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಕಷ್ಟವಾದರೆ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿ.

ನಾನು ಚಿಕ್ಕವಳಿದ್ದಾಗ, ಊರಿನ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿ, ಮುಂಬಯಿಯ ಗ್ರಾಂಟ್ ರೋಡಿನಲ್ಲಿ, ಸಾಲು ಕೋಣೆಗಳ ಒಂದು ಚಾಳಿಗೆ ಬಂದೆ. ಅಪ್ಪ ಅಲ್ಲೇ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಅವರ ಮೈಗೆ ಯಾವಾಗಲೂ ಕಾದ ಎಣ್ಣೆಯ ವಾಸನೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಹೆಚ್ಚು ವರ್ಷವಾಗಿರಲಿಲ್ಲ. ವೋಟು, ಪಕ್ಷ ಎಲ್ಲವೂ ದೊಡ್ಡವರಿಗೂ ಹೊಸತು. ಒಂದು ಹೊಸ ಪಕ್ಷ ನಮ್ಮ ಚಾಳಿನಲ್ಲಿ ಶಾಖೆ ತೆರೆಯಲು ಒಪ್ಪಿತ್ತು. ಭಾನುವಾರ ಸಂಜೆಯ ಸಭೆಯಲ್ಲಿ ಇಪ್ಪತ್ತೈದು ಸದಸ್ಯರು ಸಿಗದಿದ್ದರೆ ಅದು ಪಕ್ಕದ ಚಾಳಿಗೆ ಹೋಗುತ್ತಿತ್ತು. ನೂರು ಜನಕ್ಕೆ ನಮಗಿದ್ದದ್ದು ಒಂದೇ ನಳ. ಶಾಖೆ ಬಂದರೆ ಇನ್ನೊಂದು ಕೇಳುವ ಬಲ ಬರುತ್ತದೆ ಎಂದು ಅಪ್ಪ ಮನೆಮನೆಗೆ ಹೋಗಿ ಹೇಳಿದ್ದರು.

ಆ ನಳದ ಸಾಲಿನಲ್ಲಿ ನಿಲ್ಲುತ್ತಿದ್ದದ್ದು ಜನವಲ್ಲ, ಡಬ್ಬ. ತುಕ್ಕು ಹಿಡಿದ ತಗಡಿನ ಡಬ್ಬ ಇಟ್ಟು ಹೋದರೆ ಸಾಕು, ಆ ಜಾಗವನ್ನು ಯಾರೂ ಮುಟ್ಟುತ್ತಿರಲಿಲ್ಲ. ಸಭೆಯ ದಿನವೂ ಹೆಂಗಸರು ಜಾಗ ಹಿಡಿಯಲು ಅಂಗಳದ ಜಮಖಾನದ ಮೇಲೆ ತಮ್ಮ ತಮ್ಮ ಡಬ್ಬ ಇಟ್ಟರು. ಅಷ್ಟರಲ್ಲಿ ನಳದಲ್ಲಿ ನೀರು ಬಂತು. ಎಲ್ಲರೂ ಕೊಡ ಹಿಡಿದು ಹಿತ್ತಲಿಗೆ ಓಡಿದರು.

ಪಕ್ಷದ ಮುಖಂಡರು ಬಂದಾಗ ಅಲ್ಲಿದ್ದದ್ದು ಸಾಲು ಸಾಲು ಡಬ್ಬ, ಇಸ್ತ್ರಿ ಅಂಗಿಯ ಅಪ್ಪ, ಅಕ್ಕ, ನಾನು. ಮುಖಂಡರೂ ನಮ್ಮ ಹಾಗೆ ಮಂಗಳೂರಿನ ಕಡೆಯವರೇ.

"ಇವರೇನಾ ಮಾರಾಯ್ರೇ ನಿಮ್ಮ ಸದಸ್ಯರು? ಒಳ್ಳೇ ಶಿಸ್ತು," ಎಂದು ಹೊರಟೇಬಿಟ್ಟರು.

ಹದಿನಾಲ್ಕು ವರ್ಷದ ಅಕ್ಕ ಅಂಗಳದ ಬಾಗಿಲಿಗೆ ಅಡ್ಡ ನಿಂತಳು.

"ಡಬ್ಬ ಉಂಟಲ್ಲ, ಜನ ಬಂದ ಹಾಗೇ. ನೀರು ಬಿಟ್ಟು ಯಾರು ಬರ್ತಾರೆ? ನೀವೇ ನಳದ ಹತ್ರ ಬನ್ನಿ."

ಮುಖಂಡರು ನಕ್ಕು, ಸದಸ್ಯರ ಪುಸ್ತಕ ಹಿಡಿದು ಹಿತ್ತಲಿಗೆ ಬಂದರು. ಒಂದು ಕೊಡ ತುಂಬುವಷ್ಟರಲ್ಲಿ ಒಂದು ಹೆಸರು. ಅವರ ಪಂಚೆ ಮೊಣಕಾಲಿನವರೆಗೆ ಒದ್ದೆಯಾಯಿತು. ನೀರು ನಿಂತಾಗ ಇಪ್ಪತ್ನಾಲ್ಕು ಆಗಿತ್ತು. ಇನ್ನೊಬ್ಬರಿಲ್ಲ. ಅಕ್ಕನನ್ನು ಸೇರಿಸಲು ವಯಸ್ಸು ಸಾಲದು.

ಅಮ್ಮ ಸೊಂಟದ ಕೊಡ ಇಳಿಸಿ ಅಪ್ಪನ ಕಡೆ ನೋಡಿದಳು. "ನಿಮ್ಮ ಹೆಸರು ಬರೆಸಿದ್ದುಂಟಾ?"

ಊರಿಗೆಲ್ಲ ಹೇಳಿ ಬಂದ ಅಪ್ಪ ತಮ್ಮದನ್ನೇ ಮರೆತಿದ್ದರು. ಹಿತ್ತಲಿಡೀ ನಗು. ಇಪ್ಪತ್ತೈದನೆಯ ಹೆಸರು ಅಪ್ಪನದೇ ಆಯಿತು.

ಎರಡನೆಯ ನಳ ಬರಲು ಮೂರು ವರ್ಷ ಹಿಡಿಯಿತು. ಬಂತು.

ಈಗ ಮುಲುಂಡಿನ ನಮ್ಮ ಮನೆಯೊಂದರಲ್ಲೇ ಐದು ನಳ. ಫೋನ್ ಒತ್ತಿದರೆ ಪಕ್ಷ ಸೇರಬಹುದೆಂದು ಮೊನ್ನೆ ನೀವೇ ತೋರಿಸಿದಿರಿ. ಆಗಲಿ. ಆದರೆ ವೋಟು ಕೇಳಿಕೊಂಡು ಯಾರಾದರೂ ಲಿಫ್ಟಿನಿಂದ ಇಳಿದರೆ, ಒಳಗೆ ಕರೆದು ಕೂರಿಸಿ, ಏನು ಬೇಕೆಂದು ನಾಚದೆ ಹೇಳಿ. ಈ ಹಾಳೆಗಳನ್ನು ನಿಮ್ಮ ಸರ್ಟಿಫಿಕೇಟಿನ ಫೈಲಿನಲ್ಲಿ ಜೋಪಾನವಾಗಿಡಿ, ಮಕ್ಕಳೇ.