ಕ್ಯಾಂಟೀನ್ ಚೆಸ್ಸಿನ ರಾಮಯ್ಯ

ಜಾಲಹಳ್ಳಿಯ ರಾಮಯ್ಯನಿಗೆ ಯಂತ್ರಗಳ ಮೇಲೆ ಹಳೆಯ ಸಿಟ್ಟು. ಅಪ್ಪನ ಹೊಲ ಸರ್ಕಾರಿ ಕಾರ್ಖಾನೆಗೆ ಹೋಗಿ, ಅದರ ಬದಲಿಗೆ ಮಗನಿಗೆ ಅಲ್ಲೇ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಲ್ಲುವ ಕೆಲಸ ಸಿಕ್ಕಿತ್ತು. ಅದು ಕೈಗೆ ಒಗ್ಗಿತು ಅನ್ನುವಷ್ಟರಲ್ಲಿ ಕಂಪ್ಯೂಟರ್ ಕೂರಿಸಿದ ಹೊಸ ಲೇತ್ ಬಂತು. ರಾಮಯ್ಯನನ್ನು ಪಕ್ಕಕ್ಕೆ ಸರಿಸಿ, ಅವನ ಕೆಲಸವನ್ನು ಅವನ ಕಣ್ಣೆದುರೇ ಅಚ್ಚುಕಟ್ಟಾಗಿ ಮಾಡಿ ತೋರಿಸಿತು. ಹೊಟ್ಟೆ ಉರಿಯದೆ ಇರುತ್ತದೆಯೇ? ಕಂಪ್ಯೂಟರ್ ಚೆಸ್ಸಿನಲ್ಲಿ ವಿಶ್ವ ಚಾಂಪಿಯನ್ನನ್ನೇ ಸೋಲಿಸಿತು ಎಂದು ಪೇಪರಿನಲ್ಲಿ ಬಂದ ದಿನವೂ ಅವನು ಜಗ್ಗಲಿಲ್ಲ.

"ಅದು ಅವ್ರ ಚೆಸ್ಸು ಕಣ್ರಪ್ಪಾ. ನಮ್ ಕ್ಯಾಂಟೀನ್ ಚೆಸ್ಸು ಅದಕ್ಕೇನ್ ಗೊತ್ತು?" ಅಂದಿದ್ದ.

ಕ್ಯಾಂಟೀನ್ ಚೆಸ್ಸಿಗೆ ಒಂದು ಕಟ್ಟಳೆ ಬೇರೆಯೇ ಇತ್ತು. ಆಟಕ್ಕೊಂದು ಸಲ ರಾಜ ಕುದುರೆಯ ಹಾಗೆ ನೆಗೆಯಬಹುದು. ಪ್ರಾಣಕ್ಕೆ ಬಂದಾಗ ಮಾತ್ರ ನೆಗೆಯಬೇಕು. ಸುಮ್ಮಸುಮ್ಮನೆ ನೆಗೆದವನನ್ನು ಊಟದ ಬಿಡುವು ಮುಗಿಯುವ ತನಕ ಆಡಿಕೊಂಡು ನಗುತ್ತಿದ್ದರು. ಹೊಸದಾಗಿ ಬಂದ ಆಫೀಸರೊಬ್ಬರು ಇದು ನಿಯಮದಲ್ಲೇ ಇಲ್ಲ ಎಂದು ಬುದ್ಧಿ ಹೇಳಲು ಹೋಗಿದ್ದರು. ಪಕ್ಕದ ಮಿಷನ್ನಿನ ನರಸಪ್ಪ ತಲೆಯೆತ್ತದೆ ಉತ್ತರ ಕೊಟ್ಟಿದ್ದ: "ನಿಮ್ ರಾಜ ಸಾಯೋವಾಗ್ಲೂ ಕೈಕಟ್ಕೊಂಡು ನಿಂತ್ಕೊಳ್ಲಿ ಸಾರ್. ನಮ್ಮೋನು ನೆಗೀತಾನೆ."

ಈ ನರಸಪ್ಪನೇ ರಾಮಯ್ಯನ ಜೋಡಿ. ಒಂದೇ ಊರು, ಒಂದೇ ಡಿಪಾರ್ಟ್‌ಮೆಂಟು. ಕಾರ್ಖಾನೆ ಬಡವಾದಾಗ ಇಬ್ಬರೂ ಒಟ್ಟಿಗೇ ವಿಆರ್‌ಎಸ್ ತೆಗೆದುಕೊಂಡು ಅವಧಿಗೆ ಮೊದಲೇ ನಿವೃತ್ತರಾದರು. ಆಮೇಲೆ ಕ್ಯಾಂಟೀನು ನರಸಪ್ಪನ ಮನೆಯ ವರಾಂಡಕ್ಕೆ ಬಂತು, ಅಷ್ಟೇ. ದಿನಾ ಮಧ್ಯಾಹ್ನ ಊಟವಾದ ಮೇಲೆ ಬೋರ್ಡು ಬಿಚ್ಚುವುದು, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯುವುದು, ಕಾಫಿ ಕುಡಿಯುವುದು. ಹೆಂಡತಿ ನಾಗಲಕ್ಷ್ಮಮ್ಮನ ಹತ್ತಿರ ವಾರಕ್ಕೆ ನಾಲ್ಕು ಮಾತಾಡದ ರಾಮಯ್ಯ ಅಲ್ಲಿ ಹೋಗಿ ಹರಟೆಮಲ್ಲನಾಗುತ್ತಿದ್ದ. ನಿಜ ಹೇಳಬೇಕೆಂದರೆ ರಾಮಯ್ಯನನ್ನು ಪೂರ್ತಿ ಬಲ್ಲವನು ಭೂಮಿಯ ಮೇಲೆ ನರಸಪ್ಪನೊಬ್ಬನೇ.

ಎರಡು ಸಾವಿರದ ಹದಿನಾಲ್ಕರಲ್ಲಿ ನರಸಪ್ಪನಿಗೆ ಮರೆವು ಶುರುವಾಯಿತು. ಮೊದಮೊದಲು ಕನ್ನಡಕ, ಚಪ್ಪಲಿ. ಆಮೇಲೆ ಹಾಲಿನ ಬೂತಿಗೆಂದು ಹೋದವನು ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನಲ್ಲಿ ಬರಿಗಾಲಲ್ಲಿ ಕೂತಿದ್ದು ಸಿಕ್ಕಿದ. ಇದು ಬೆಳೆಯುವ ಕಾಯಿಲೆ, ವಾಪಸು ಹೋಗುವುದಲ್ಲ ಎಂದರು ಡಾಕ್ಟರು. ಅದೇ ವರ್ಷ ನಮ್ಮವರ ನೌಕೆ ಮಂಗಳ ಗ್ರಹ ಮುಟ್ಟಿತು. ಊರೆಲ್ಲ ಹಿಗ್ಗಿದರೆ ರಾಮಯ್ಯ ಟಿವಿಯ ಮುಂದೆ ಕೂತು ಗೊಣಗಿದ. ಅಷ್ಟು ದೂರಕ್ಕೆ ದಾರಿ ತಪ್ಪದೆ ಹೋಗುವ ಡಬ್ಬಿ ಮಾಡುತ್ತಾರಂತೆ, ಹಾಲು ತರಲು ಹೋದವನನ್ನು ಮನೆಗೆ ತಲುಪಿಸುವ ಮಾತ್ರೆ ಮಾತ್ರ ಇಲ್ಲವಂತೆ. ಯಾತಕ್ಕೆ ಬಂತು ವಿಜ್ಞಾನ?

ಆದರೂ ಅವನು ಒಂದು ಲೆಕ್ಕ ಹಿಡಿದುಕೊಂಡಿದ್ದ. ಆಟ ಇರುವ ತನಕ ನರಸಪ್ಪ ಇದ್ದಾನೆ. ಒಂದು ಮಧ್ಯಾಹ್ನ ನರಸಪ್ಪ ಕುದುರೆಯನ್ನು ಒಂಟೆಯ ಹಾಗೆ ಓರೆಯಾಗಿ ಎಳೆದುಕೊಂಡು ಹೋದಾಗ ರಾಮಯ್ಯನ ಜೀವ ಬಾಯಿಗೆ ಬಂತು. ಅವತ್ತು ರಾತ್ರಿ ಅವನು ಊಟ ಮಾಡಲಿಲ್ಲ.

ಇದಾದ ಮೇಲೆ ನರಸಪ್ಪನ ಮಗಳು ಮಾಲಾ ಆಟದ ಹೊತ್ತಿಗೆ ಅಪ್ಪನ ಪಕ್ಕ ಬಂದು ಕೂರತೊಡಗಿದಳು. "ಅಪ್ಪನ ಕೈ ನಡುಗತ್ತೆ ಮಾವ. ಅವ್ರು ಹೇಳ್ತಾರೆ, ನಾನ್ ಇಡ್ತೀನಿ," ಅಂದಳು. ನರಸಪ್ಪ ಆಗಾಗ ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟುವನು, ಅವಳು ಕಾಯಿ ಸರಿಸುವಳು. ಮೊದಲ ದಿನವೇ ರಾಮಯ್ಯ ಸೋತ. ಎರಡನೆಯ ದಿನ ಇನ್ನೂ ಚೆನ್ನಾಗಿ ಸೋತ. ಎಂಥ ಆಟ ಅದು! ಒಂದು ನಡೆಯೂ ಹುಸಿ ಹೋಗುತ್ತಿರಲಿಲ್ಲ.

ಸೋತು ಇಷ್ಟು ಖುಷಿಪಟ್ಟ ಮನುಷ್ಯ ಇನ್ನೊಬ್ಬನಿರಲಾರ. "ಡಾಕ್ಟ್ರಿಗೇನ್ ಗೊತ್ತೇ? ಅವನ ತಲೆ ವಾಪಸ್ ಬತ್ತಾ ಐತೆ!" ಎಂದು ನಾಗಲಕ್ಷ್ಮಮ್ಮನ ಮುಂದೆ ಕುಣಿದಾಡಿದ. ಸಂತೆಯಿಂದ ಒಂದೆಲಗದ ಕಟ್ಟು ತಂದು ಮಾಲಾಳ ಕೈಗಿಟ್ಟು, ದಿನಾ ಚಟ್ನಿ ಮಾಡಿ ತಿನ್ನಿಸು ಎಂದ. ಗೆಳೆಯನ ಗೆಲುವಿಗೆ ಅಡ್ಡ ಬರಬಾರದೆಂದು ತನ್ನ ರಾಜನ ನೆಗೆತವನ್ನು ಬಳಸದೆಯೇ ಸೋಲುತ್ತಿದ್ದ. ನರಸಪ್ಪನ ಬೈಗುಳ ಮಾತ್ರ ಇನ್ನೂ ವಾಪಸು ಬಂದಿರಲಿಲ್ಲ. ಬಂದೇ ಬರುತ್ತದೆ ಎಂದುಕೊಂಡಿದ್ದ.

ಆ ಬೈಗುಳದ ಆಸೆಗೇ ಒಂದು ಮಧ್ಯಾಹ್ನ ಅವನು ನೆಗೆದ. ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ, ಎತ್ತಿ ಕುದುರೆಯ ಹಾಗೆ ಆಚೆ ಇಟ್ಟು, "ಏನ್ಲಾ ಮಾಡ್ತೀಯ ಈಗ?" ಎಂದು ತೊಡೆ ತಟ್ಟಿದ.

ನರಸಪ್ಪ ರಸ್ತೆಯ ಕಡೆ ನೋಡುತ್ತಿದ್ದ. ಮಾಲಾ ತಲೆ ತಗ್ಗಿಸಿದಳು. ಅವಳ ಬೆರಳು ಸೆರಗಿನ ಮರೆಯಲ್ಲಿ ಏನನ್ನೋ ಒತ್ತುತ್ತಿತ್ತು. ಮತ್ತೆ ಮತ್ತೆ ಒತ್ತಿತು.

"ಮಾವ, ರಾಜನ್ನ ಅಲ್ಲಿಡಕ್ಕಾಗಲ್ಲ. ಬೇರೆ ಕಡೆ ಇಡಿ," ಅಂದಳು ಕೊನೆಗೆ.

"ಯಾಕಾಗಲ್ಲ? ನಿಮ್ಮಪ್ಪನ್ನೇ ಕೇಳು."

"ಇದು ತಗೋತಿಲ್ಲ ಮಾವ."

ಇದು ಅಂದರೆ ಯಾವುದು ಎಂದು ರಾಮಯ್ಯ ಬಗ್ಗಿ ನೋಡಿದ. ಅವಳ ಮಡಿಲಲ್ಲಿ ಫೋನು. ಫೋನಿನಲ್ಲಿ ಪುಟ್ಟ ಬೋರ್ಡು, ಪುಟ್ಟ ಕಾಯಿಗಳು. ತಾನು ಆಡಿದ ಆಟವೆಲ್ಲ ಅದರೊಳಗಿತ್ತು. ಅವನ ರಾಜ ಮಾತ್ರ ಅಲ್ಲಿ ಇನ್ನೂ ಮೂಲೆಯಲ್ಲೇ ನಿಂತಿದ್ದ.

ಮಾಲಾಳ ಕಣ್ಣು ತುಂಬಿತು. "ನಂಗೆ ಚೆಸ್ ಬರಲ್ಲ ಮಾವ. ನೀವಿಟ್ಟಿದ್ದನ್ನ ಇದ್ರಲ್ಲಿ ಇಡ್ತಿದ್ದೆ, ಇದು ತೋರ್ಸಿದ್ದನ್ನ ಬೋರ್ಡಲ್ಲಿ ಇಡ್ತಿದ್ದೆ. ಅವತ್ತು ನಿಮ್ ಮುಖ ನೋಡಕ್ಕಾಗ್ಲಿಲ್ಲ, ಅದಕ್ಕೇ..."

ರಾಮಯ್ಯನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಫೋನಿನ ಮೇಲೂ ಬರಲಿಲ್ಲ, ಅದೇ ಆಶ್ಚರ್ಯ. ಇಷ್ಟು ದಿನ ಒಂದು ಯಂತ್ರದ ಮುಂದೆ ಕೂತು, ಅದರ ಬುದ್ಧಿಯನ್ನೇ ಗೆಳೆಯನೆಂದುಕೊಂಡು ಕುಣಿದಾಡಿದೆನಲ್ಲ ಎಂದು ಒಳಗೆಲ್ಲ ಖಾಲಿಯಾದ ಹಾಗಾಯಿತು. ಆದರೂ ಮುಳುಗುವವನಿಗೆ ಒಂದು ಕಡ್ಡಿ ಕಾಣಿಸಿತು.

"ಮತ್ತೆ ನಿನ್ ಕಿವೀಲಿ ಅದೇನೋ ಏಳ್ತಿದ್ನಲ್ಲಮ್ಮ? ದಿನಾ ಏಳ್ತಿದ್ದ. ಅದೇನು?"

"ಬಿಡಿ ಮಾವ."

"ಅದೇನು ಅಂತ ಏಳಮ್ಮ."

ಮಾಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವ್ರು ಯಾರಮ್ಮ, ಯಾವಾಗ ಹೋಗ್ತಾರೆ ಅಂತ ಕೇಳ್ತಾರೆ."

ರಾಮಯ್ಯ ಒಂದೊಂದೇ ಕಾಯಿ ಎತ್ತಿ ಡಬ್ಬಕ್ಕೆ ಹಾಕಿದ. ಮಾಲಾ ಕಾಫಿ ಮಾಡುತ್ತೇನೆ ಎಂದದ್ದು ಕೇಳಿಸಿದರೂ ಕೇಳಿಸದವನಂತೆ ಎದ್ದ. "ಓಗ್ಬತ್ತೀನಿ ಕಣ್ಲಾ ನರ್ಸ," ಅಂದ.

ನರಸಪ್ಪನ ಮುಖ ಅರಳಿತು. ಕಾದು ಕಾದು ಕೊನೆಗೂ ಬಿಡುಗಡೆ ಸಿಕ್ಕಿದವನ ಹಾಗೆ ಎದ್ದು, ಗೇಟಿನ ತನಕ ಜೊತೆಯಲ್ಲೇ ಬಂದು, ಮರ್ಯಾದೆಯಿಂದ ಎರಡೂ ಕೈ ಜೋಡಿಸಿದ. ರಾಮಯ್ಯ ಹೊರಗೆ ಕಾಲಿಟ್ಟ ಕೂಡಲೇ ಗೇಟು ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡ.