ಟವೆಲಿನ ಕೆಳಗೆ ಕಟ್ಟಿದ ತಂಡ

ದಿನಾ ಬೆಳಗಾಗುವ ಮೊದಲೇ ಲಿಂಗಪೂಜೆ ಮುಗಿಸಿ ನೀಲಕಂಠ ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ಕಮಲಾಪುರಕ್ಕೆ ಹೊರಡುತ್ತಾರೆ. ಬಾಳೆತೋಟಕ್ಕೆ ಹೋಗುವ ಮುನ್ನ ಅಲ್ಲಿನ ಹಾಕಿ ಮೈದಾನಕ್ಕಿಳಿದು ಕಲ್ಲು ಆರಿಸಿ ಬದಿಗೆ ಹಾಕುತ್ತಾರೆ. ಹಬ್ಬವಿರಲಿ, ಜ್ವರವಿರಲಿ, ಇದು ತಪ್ಪಿದ್ದಿಲ್ಲ. ಈಗ ಅಲ್ಲಿ ಆಡುವವರು ಯಾರೂ ಇಲ್ಲ.

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಸಗಟು ಮಾರುವುದು ಅವರ ಮನೆತನದ ವ್ಯಾಪಾರ. ಶಾಲೆಯಲ್ಲಿ ಗೋಲ್‌ಕೀಪರ್ ಆಗಿದ್ದವರು. ಆ ಆಸೆ ಒಳಗೇ ಉಳಿದು ಐವತ್ತು ದಾಟಿದ ಮೇಲೆ ಮೇಲೆದ್ದಿತು. ಹುಡುಗರಿಗೆ ತಿಂಗಳ ಸಂಬಳ ಕೊಟ್ಟು ಬರೀ ಹಾಕಿ ಆಡಿಸುವ ತಂಡ ಕಟ್ಟಿ, ಅದಕ್ಕೆ ‘ಕಮಲಾಪುರ ಕೆಂಬಾಳೆ’ ಎಂದು ಹೆಸರಿಟ್ಟು, ಖಾಸಗಿ ಲೀಗೊಂದಕ್ಕೆ ಸೇರಿಸಿದರು. ಎರಡನೇ ಆಟಕ್ಕೇ ಕೊಳೆತು ಹೋಗುತ್ತದೆ ಎಂದು ಮಾರ್ಕೆಟ್ಟಿನವರು ನಕ್ಕರು. ಹೆಂಡತಿ ಕಸ್ತೂರಿಬಾಯಿ ಮಾತ್ರ ನಗದೆ ಹದಿನಾರು ಹುಡುಗರಿಗೆ ರೊಟ್ಟಿ ಬಡಿದರು.

ಆ ಹುಡುಗರನ್ನು ನೀಲಕಂಠ ಸೇರಿಸಿಕೊಂಡದ್ದು ತಮಗೆ ಗೊತ್ತಿದ್ದ ರೀತಿಯಲ್ಲೇ. ಗೊನೆಗಳ ಬೆಲೆ ಕುದುರಿಸುವಾಗ ಮಾಡುವಂತೆ ಕೈಗಳ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಒಬ್ಬೊಬ್ಬನ ಬೆರಳು ಒತ್ತಿ ಸಂಬಳ ಗೊತ್ತುಮಾಡಿದರು. ಹಾಗೆ ಕುದುರಿದ ಮಾತನ್ನು ಅವರ ಅಪ್ಪನಾಗಲಿ ಅವರಾಗಲಿ ಎಂದೂ ಮುರಿದವರಲ್ಲ. ಕಾಗದ ಬರೆಯುವುದೆಂದರೆ ಎದುರಿನವನನ್ನು ಅನುಮಾನಿಸಿದಂತೆ ಎಂದೇ ತಿಳಿದಿದ್ದರು.

ಎರಡು ವರ್ಷ ನಡೆಯಿತು. ಮೂರನೇ ವರ್ಷ ಆಡುವಾಗ ಗೌತಮನೆಂಬ ಹುಡುಗನ ಮೊಣಕಾಲು ಮುರಿಯಿತು. ಆಸ್ಪತ್ರೆಯಲ್ಲಿ ನೀಲಕಂಠರೇ ನಿಂತು ನೋಡಿಕೊಂಡರು. ಆದರೆ ಅವನು ಕ್ರೀಡಾ ಕೋಟಾದಲ್ಲಿ ನೌಕರಿಗೆ ಅರ್ಜಿ ಹಾಕಿದಾಗ, ಕಚೇರಿಯವರು ತಂಡಕ್ಕೆ ಸೇರಿದ ದಿನದ ಕರಾರುಪತ್ರ ಕೇಳಿದರು. ನೀಲಕಂಠ ಆಮೇಲೆ ತಾವೇ ಬರೆದುಕೊಟ್ಟ ಪತ್ರವನ್ನು ಅವರು ಒಪ್ಪದೆ ಹಿಂದಕ್ಕೆ ಕಳಿಸಿದರು. ಗೌತಮ ಈಗ ಕುಂಟುತ್ತ ಐವಾನ್-ಎ-ಶಾಹಿ ಬಡಾವಣೆಯ ಒಂದು ಬಂಗಲೆಯ ಗೇಟು ಕಾಯುತ್ತಾನೆ.

ಅದನ್ನು ನೋಡಿದ ಉಳಿದ ಹುಡುಗರ ಮನೆಗಳಲ್ಲಿ ಅಂಜಿಕೆ ಹುಟ್ಟಿತು. ಹೊರ ಊರಿನ ತಂಡವೊಂದು ಕರಾರುಪತ್ರ ಹಿಡಿದು ಬಂದಾಗ ಹುಡುಗರು ಒಬ್ಬೊಬ್ಬರಾಗಿ ಸಹಿ ಹಾಕಿದರು. ಕೊನೆಗೆ ನಾಯಕ ದಾನಿಶನೂ ಹಾಕಿದ. ಹೊಸ ನಿಯಮದಂತೆ, ಕರಾರಿಗೆ ಸಹಿ ಹಾಕಿದ ಹದಿನಾರು ಆಟಗಾರರನ್ನು ಸೋಮವಾರದೊಳಗೆ ತೋರಿಸದಿದ್ದರೆ ಕೆಂಬಾಳೆಯ ಹೆಸರು ಹೊಡೆದು ಹಾಕುತ್ತೇವೆ ಎಂದು ಲೀಗಿನವರು ತಿಳಿಸಿದರು. ನೀಲಕಂಠ ಈ ಸಲ ಕಾಗದ ಹಿಡಿದೇ ಹಳ್ಳಿಹಳ್ಳಿ ಸುತ್ತಿದರು. ಗೌತಮನ ಪಾಡು ಕೇಳಿದ್ದ ಯಾರ ಮನೆಯಲ್ಲೂ ಒಪ್ಪಲಿಲ್ಲ. ಇಷ್ಟು ದಿನ ಕೇಳಿದ ದೇವರು ಇದನ್ನೂ ಕೇಳಿಯಾನು ಎಂದು ಕಸ್ತೂರಿಬಾಯಿ ಉಪವಾಸ ಹಿಡಿದರು.

ಭಾನುವಾರ ಮಧ್ಯಾಹ್ನ ದಾನಿಶ್ ಅಂಗಡಿಗೆ ಬಂದ.

“ಕಾಕಾ, ನಮ್ಮ ಹೊಸ ತಂಡದ ಸಾಹೇಬ್ರ ಕಾಲಿಗಿ ಬಿದ್ದು ಕೇಳ್ಕೊಂಡು ಬಂದೀನಿ. ಅವರ ಕಡಿ ಹೆಚ್ಚಿಗಿ ಹುಡುಗರು ಹದಿನಾರು ಮಂದಿ ಅದಾರ. ಅವರ ಹೆಸರು ನಿಮ್ಮ ಕಡಿ ಬರಸ್ತಾರಂತ. ಆಡೂದೇನಿಲ್ರೀ, ಕಾಗದದ ಮ್ಯಾಲ ಅಷ್ಟ. ಒಂದ್ ವರ್ಷ ನಿಮ್ಮ ತಂಡ ಉಳೀತದ.”

ನೀಲಕಂಠ ಅವನನ್ನು ಕೂಡಿಸಿ, ಚಹಾ ತರಿಸಿ ಕುಡಿಯಲು ಕೊಟ್ಟರು. ಅವನ ಮೇಲೆ ಸಿಟ್ಟಿರಲಿಲ್ಲ.

“ಗೌತಮ ಖರೇನ ಆಡಿದಾಂವ, ಅಂವಗ ಒಂದ್ ಕಾಗದ ಕೊಡ್ಲಿಕ್ಕ ಆಗ್ಲಿಲ್ಲ ನನಗ. ಈಗ ಆಡದವರ ಕಾಗದ ಹಿಡ್ಕೊಂಡು ತಂಡ ಅದ ಅಂತ ಹ್ಯಾಂಗ ಹೇಳ್ಲಿ? ಬ್ಯಾಡಪ್ಪ ದಾನಿಶ್. ನಿಮ್ಮ ಸಾಹೇಬ್ರಿಗಿ ಶರಣು ಹೇಳು.”