ನೀರು ಕುಡಿಯಬೇಕಿದ್ದ ಇಲಿಗಳು

ನಮ್ಮ ಸರ್ ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಇಲಿ ಕಚ್ಚಿದ್ದು. ಕಚ್ಚಿದ ಇಲಿಯನ್ನು ಕಲ್ಲಿನ ಮೇಜಿಗೆ ಬಡಿದು ಕೊಂದು, ಕೈ ತೊಳೆದುಕೊಂಡು, ಮುಂದಿನದನ್ನು ಎತ್ತಿಕೊಂಡಿದ್ದರು.

ಅವರು ಕಲಬುರಗಿಯಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರು. ನಾನು ಅವರ ಪ್ರಯೋಗಾಲಯದ ಸಹಾಯಕ. ಎಂಬತ್ತರ ದಶಕದ ಕೊನೆ. ಕೆಲವು ವರ್ಷ ಮೊದಲು ಅವರ ಊರಾದ ಕಮಲಾಪುರದಲ್ಲಿ ಹೊಲದ ಜಗಳವಾಗಿ ಅವರ ಅಣ್ಣನ ತೊಡೆಗೆ ಕೊಡಲಿ ಬಿದ್ದಿತ್ತು. ಕಡಿದ ರಕ್ತನಾಳವನ್ನು ಡಾಕ್ಟರರು ಹೊಲಿದರು, ಗಾಯ ಮಾಯಿತು. ಆದರೆ ನಾಳದ ಒಳಗೋಡೆ ದಪ್ಪಗಾಗುತ್ತ ಹೋಗಿ ರಕ್ತದ ದಾರಿಯನ್ನೇ ಮುಚ್ಚಿತು. ಕಾಲು ಕೊಳೆತು ಅಣ್ಣ ಸತ್ತರು.

"ಕೊಡ್ಲಿ ಕೊಲ್ಲಲಿಲ್ರಿ, ಮಾಯಿದ್ದೇ ಕೊಂದ್ತು," ಎನ್ನುತ್ತಿದ್ದರು ಸರ್. ಆ ದಪ್ಪವನ್ನು ತಡೆಯುವ ಔಷಧಿ ಅವರಿಗೆ ಬೇಕಿತ್ತು.

ಇಲಿಯ ಕೊರಳ ನಾಳಕ್ಕೆ ಸಣ್ಣ ಬಲೂನು ತೂರಿಸಿ, ಉಬ್ಬಿಸಿ, ಎಳೆದು ಒಳಪದರ ಕೆರೆಯುವರು; ಮಾಯುವಾಗ ಅಲ್ಲೂ ಗೋಡೆ ದಪ್ಪಗಾಗುತ್ತಿತ್ತು. ಆಮೇಲೆ ಅರ್ಧ ಇಲಿಗಳಿಗೆ ಔಷಧಿ, ಹೋಲಿಸಿ ನೋಡಲು ಉಳಿದರ್ಧಕ್ಕೆ ಬರೀ ನೀರು. ಕುಡಿಸುವವನು ಕಮಲಾಪುರದವನೇ ಆದ ಜವಾನ. ಕೊನೆಗೆ ಇಲಿಗಳನ್ನು ಕೊಂದು, ನಾಳ ಕೊಯ್ದು, ಗೋಡೆಯ ದಪ್ಪ ಅಳೆಯುವುದು ನನ್ನ ಕೆಲಸ.

ಒಮ್ಮೆ ಎಲ್ಲ ಗೋಡೆಗಳೂ ಒಂದೇ ಸಮ ತೆಳ್ಳಗಿದ್ದವು. ಸರ್ ಜವಾನನ ಕೊರಳಪಟ್ಟಿ ಹಿಡಿದರು.

"ನೀರಿನ ಇಲಿಗೋಳಿಗಿ ಏನ್ ಕುಡಿಸೀಲೇ?"

"ಔಷಧಾರೀ ಸರ. ಕೊರಳ ಕೆರದು ಬರೀ ನೀರ ಕೊಟ್ರ ಪಾಪ ಹತ್ತಂಗಿಲ್ಲೇನ್ರಿ?"

ಕಪಾಳಕ್ಕೆ ಬಿತ್ತು. ಗಾಜಿನ ಜಾಡಿಗಳು ಗೋಡೆಗೆ ಬಡಿದು ಚೂರಾದವು. ಜವಾನ ತುಟಿಯ ರಕ್ತ ಒರೆಸಿಕೊಂಡ.

"ಇನ್ನೊಂದು ಹೊಡೀರಿ ಸರ. ಇಲಿಗಿಂತ ಗಟ್ಟಿ ಇದ್ದೀನ್ರಿ."

ಸರ್ ಚೂರುಗಳ ನಡುವೆಯೇ ಕುಸಿದು ಕೂತರು. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಹೊಸ ಇಲಿಗಳು ಬಂದವು. ಕುಡಿಸಲು ಅದೇ ಜವಾನ. ಈ ಸಲ ನೀರಿನ ಇಲಿಗಳ ಗೋಡೆ ದಪ್ಪ, ಔಷಧಿಯವುಗಳದು ತೆಳು. ಸರ್ ಸ್ಟೇಶನ್ ಬಜಾರದಿಂದ ಜಿಲೇಬಿ ತಂದು ಮೊದಲು ಜವಾನನ ಬಾಯಿಗೇ ತುರುಕಿದರು.

ಕೆಲವು ವರ್ಷಗಳ ಮೇಲೆ ಅವರ ಹೃದಯದ ನಾಳವೇ ಕಟ್ಟಿತು. ಹೈದರಾಬಾದಿನಲ್ಲಿ ಬಲೂನು ಹಾಕಿ ತೆರೆದರು. ಮತ್ತೆ ಮುಚ್ಚದಿರಲೆಂದು ಸರ್ ತಮ್ಮ ಔಷಧಿಯನ್ನೇ ನುಂಗತೊಡಗಿದರು. ನಾಳ ಮುಚ್ಚುತ್ತಲೇ ಹೋಯಿತು.

ನಾನೂ ಜವಾನನೂ ಹೋದಾಗ ಜೇವರ್ಗಿ ಕಾಲೋನಿಯ ಮನೆಯಲ್ಲಿ ಎದೆ ಒತ್ತಿಕೊಂಡು ಮಲಗಿದ್ದರು. ಮಾತ್ರೆ ತಂದ ಜವಾನನನ್ನು ಕೇಳಿದರು:

"ಖರೆ ಹೇಳಲೇ, ನನಗೂ ನೀರಿನ ಇಲಿಗೋಳ ಪಾಳಿ ಹಚ್ಚೀಯೇನು?"

"ಇಲ್ರೀ ಸರ. ಔಷಧಾನೇ ಅದರಿ."

"ಹಂಗಾದ್ರ ಔಷಧಾನೇ ಸೋತದ." ನನ್ನತ್ತ ತಿರುಗಿದರು. "ಸತ್ತ ಮ್ಯಾಲ ನನ್ನ ನಾಳಾನೂ ಕೊಯ್ದು ಅಳೀರಿ. ಅಳಕೋತ ಅಳೀಬ್ಯಾಡ್ರಿ, ಅಳತಿ ತಪ್ಪತದ."

ಸರ್ ತೀರಿಕೊಂಡ ಮೇಲೆ ಮನೆಯವರು ಇದಕ್ಕೆ ಒಪ್ಪಿದರು. ಡಾಕ್ಟರರು ತೆಗೆದುಕೊಟ್ಟ ನಾಳವನ್ನು ನಾನೇ ಕೊಯ್ದೆ. ಜವಾನ ಪಕ್ಕದಲ್ಲಿ ನಿಂತು ಅಳುತ್ತಿದ್ದ. ಗೋಡೆ ದಪ್ಪಗಿತ್ತು, ದಾರಿ ಕೂದಲೆಳೆಯಷ್ಟು. ಅಳತೆಯನ್ನು ಔಷಧಿ ಕುಡಿದ ಇಲಿಗಳ ಸಾಲಿನಲ್ಲೇ ಬರೆದಿಟ್ಟೆ; ಇದ್ದದ್ದನ್ನು ಇದ್ದಂತೆ ಬರೆಯಲು ಕಲಿಸಿದವರು ಅವರೇ.